ಮಂತ್ರಿಗಳ ಕಾರು ಬಂತು. ಜನರ ಬಸ್ಸು ಎಲ್ಲಿ?

2025ರ ಸೆಪ್ಟೆಂಬರ್ 5ರಂದು ಮುಂಬಯಿಯ ಬಾಂದ್ರಾ-ಕುರ್ಲಾ ಬಡಾವಣೆಯ ಒಂದು ಬೆಳಗುವ ಅಂಗಡಿಯಲ್ಲಿ ಸಣ್ಣದೊಂದು ಸಮಾರಂಭ ನಡೆಯಿತು. ಅಮೆರಿಕದ ಟೆಸ್ಲಾ ಕಂಪನಿಯವರು ಭಾರತದಲ್ಲಿ ಮಾರಿದ ಮೊಟ್ಟಮೊದಲನೆಯ ವಿದ್ಯುತ್ ಕಾರನ್ನು ಅಂದು ಗಿರಾಕಿಯ ವಶಕ್ಕೆ ಕೊಟ್ಟರು. ಗಿರಾಕಿ ಯಾರು? ಮಹಾರಾಷ್ಟ್ರ ಸರ್ಕಾರದ ಸಾರಿಗೆ ಮಂತ್ರಿಗಳಾದ ಪ್ರತಾಪ್ ಸರ್‌ನಾಯಿಕ್ ಅವರು. ವಿದ್ಯುತ್ ವಾಹನದ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಮೂಡಲಿ ಎಂದು ಕೊಂಡಿದ್ದಾಗಿಯೂ, ಕಾರು ತಮ್ಮ ಮೊಮ್ಮಗನಿಗೆ ಕಾಣಿಕೆಯೆಂದೂ ಅವರು ಹೇಳಿದರು. ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ಕಾರಿನ ಹೆಸರು ಮಾಡೆಲ್ ವೈ. ಅಂಗಡಿ ತೆರೆದ ದಿನ ಸಾರಿದ ಆರಂಭದ ಬೆಲೆ 59 ಲಕ್ಷ 89 ಸಾವಿರ ರೂಪಾಯಿ. ಅಂಗಡಿ ತೆರೆದದ್ದು ಜುಲೈ 15ರಂದು. ಚೀಣಾದ ಶಾಂಘೈ ಕಾರ್ಖಾನೆಯಿಂದ ಕಡಲು ದಾಟಿ ಬಂದ ಕಾರು ಅಂಗಡಿ ತೆರೆದ ಐವತ್ತೆರಡನೆಯ ದಿನಕ್ಕೆ ಮೊದಲ ಗಿರಾಕಿಯ ಕೈಸೇರಿತು.

ಮಂತ್ರಿಗಳು ಕಾರು ಕೊಂಡದ್ದಕ್ಕೆ ನಮ್ಮ ತಕರಾರಿಲ್ಲ. ಹಣ ಅವರದು, ಮೊಮ್ಮಗ ಅವರವನು. ಹೊರದೇಶದ ಕಾರಾದ್ದರಿಂದ ಅದಕ್ಕೆ ಭಾರಿ ಆಮದು ಸುಂಕವೂ ಬಿದ್ದಿದೆ. ನಮ್ಮ ತಕರಾರು ಇನ್ನೊಂದು ಮುಂಗಡದ ವಿಷಯ. ಅದೇ ಮಂತ್ರಿಗಳ ಇಲಾಖೆಗೆ ಸೇರಿದ ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ನಿಗಮವು 2023ರಲ್ಲಿ 5,150 ವಿದ್ಯುತ್ ಬಸ್ಸುಗಳನ್ನು ಬಾಡಿಗೆಯ ಮೇಲೆ ಪಡೆಯುವುದಾಗಿ ಗೊತ್ತು ಮಾಡಿತು. ಬೆಳಗಾವಿ, ವಿಜಯಪುರದ ಕಡೆಯವರೆಲ್ಲ ಕಂಡಿರುವ, ಅಲ್ಲಿನ ಜನ ಪ್ರೀತಿಯಿಂದ 'ಲಾಲ್ ಪರಿ' ಎಂದು ಕರೆಯುವ ಕೆಂಪು ಬಸ್ಸು ಓಡಿಸುವ ನಿಗಮವೇ ಇದು. ಆ ಬಸ್ಸುಗಳು ಬಂದವೆ? 2025ರ ಮೇ ತಿಂಗಳಲ್ಲಿ, ಗುತ್ತಿಗೆ ಹಿಡಿದ ಕಂಪನಿಯು ಹೇಳಿದ ವಾಯಿದೆಗೆ ಬಸ್ಸು ಒಪ್ಪಿಸಿಲ್ಲ, ಆದ್ದರಿಂದ ಗುತ್ತಿಗೆ ರದ್ದಾಗಬೇಕು ಎಂದು ಸ್ವತಃ ಇದೇ ಮಂತ್ರಿಗಳೇ ಬಹಿರಂಗವಾಗಿ ಹೇಳಬೇಕಾಯಿತು. ಹೇಳಿದಷ್ಟು ಬಸ್ಸು ಬರುವ ಮೊದಲೇ ಬಂದದ್ದು ಬಸ್ಸಿನ ದರದ ಏರಿಕೆ. 2025ರ ಜನವರಿ 25ರಿಂದ ಆ ನಿಗಮದ ಟಿಕೆಟ್ಟು ಶೇಕಡ 14.95ರಷ್ಟು ಏರಿತು.

ಕಡಲಾಚೆಯಿಂದ ಒಬ್ಬನ ಕಾರು ಐವತ್ತೆರಡು ದಿನದಲ್ಲಿ ಬರುತ್ತದೆ. ನಮ್ಮ ದೇಶದಲ್ಲೇ ತಯಾರಾಗುವ, ಲಕ್ಷಾಂತರ ಜನ ಹತ್ತಬೇಕಾದ ಬಸ್ಸು ಎರಡು ವರ್ಷವಾದರೂ ಹೇಳಿದ ಸಂಖ್ಯೆಯಲ್ಲಿ ಬರುವುದಿಲ್ಲ. ತಿಳಿವಳಿಕೆ ಮೂಡಬೇಕಾದದ್ದು ಜನರಿಗೋ, ಸರ್ಕಾರಕ್ಕೋ?

"ಮುಂಬಯಿಯ ಕಾರು ತೆಗೆದುಕೊಂಡು ನಮಗೇನು?" ಎಂದು ಗಿರಣಿಯ ಗೇಟಿನಲ್ಲಿ ನಿಂತವರು ಕೇಳಬಹುದು. ಸಂತೆಯಲ್ಲಿ ತಕ್ಕಡಿ ಹಿಡಿದವರೂ ಕೇಳಬಹುದು. ಕೇಳತಕ್ಕ ಮಾತೇ. ಆದರೆ ಆ ಕಾರಿನ ಮೇಲಿನ ತೆರಿಗೆಯನ್ನು ಗೊತ್ತುಮಾಡುವುದು ಮುಂಬಯಿಯಲ್ಲ. ಇಡೀ ದೇಶಕ್ಕೆ ಒಂದೇ ಜಿ.ಎಸ್.ಟಿ. ಮಂಡಲಿ ಇದೆ, ಅದರಲ್ಲಿ ಕರ್ನಾಟಕ ಸರ್ಕಾರದ ಪ್ರತಿನಿಧಿಯೂ ಕೂತಿರುತ್ತಾರೆ. ಅಲ್ಲಿ ಬಿಟ್ಟುಕೊಟ್ಟ ಪ್ರತಿಯೊಂದು ಕಾಸೂ ನಿಮ್ಮ ಬೊಕ್ಕಸದ ಕಾಸು. ಆದ್ದರಿಂದ ಲೆಕ್ಕ ನೋಡೋಣ.

2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡ 12ರಿಂದ 5ಕ್ಕೆ ಇಳಿಸಲಾಯಿತು. ಒಳ್ಳೆಯದೇ. ಹೊಗೆ ಕಡಿಮೆಯಾಗಲಿ, ಹೊರದೇಶದಿಂದ ತರುವ ಎಣ್ಣೆ ಕಡಿಮೆಯಾಗಲಿ ಎಂಬ ಉದ್ದೇಶವನ್ನು ನಾವೂ ಒಪ್ಪುತ್ತೇವೆ. ಆದರೆ ಈ ಇಳಿಕೆಗೆ ಮೇಲ್ಮಿತಿ ಎಂಬುದೇ ಇರಲಿಲ್ಲ. ಒಂದು ಲಕ್ಷದ ಸ್ಕೂಟರಿಗೂ ಶೇಕಡ 5, ಒಂದು ಕೋಟಿಯ ಕಾರಿಗೂ ಶೇಕಡ 5.

ಆಗ ಸೈಕಲ್ಲಿನ ಮೇಲೆ ಎಷ್ಟಿತ್ತು ಬಲ್ಲಿರಾ? ಶೇಕಡ 12! ಬೆಳಗಿನ ಪಾಳಿಗೆ ಹೋಗುವ ಕಾರ್ಮಿಕ ತುಳಿಯುವ ಸೈಕಲ್ಲು, ಹಾಲು ಮಾರುವವನ ಕ್ಯಾನು ಹೊರುವ ಸೈಕಲ್ಲು, ಹಳ್ಳಿಯ ಹುಡುಗಿ ಶಾಲೆಗೆ ಹೋಗುವ ಸೈಕಲ್ಲು. ಪೆಟ್ರೋಲೂ ಬೇಡ, ವಿದ್ಯುತ್ತೂ ಬೇಡ. ಕಾಲಿನ ಕಸುವೇ ಅದರ ಎಂಜಿನು. ಹೊಗೆಯಿಲ್ಲದ ವಾಹನಕ್ಕೆ ಪ್ರೋತ್ಸಾಹ ಕೊಡುವುದೇ ನೀತಿಯಾಗಿದ್ದರೆ ಅದಕ್ಕಿಂತ ಯೋಗ್ಯವಾದ ವಾಹನ ಯಾವುದಿತ್ತು? ಆದರೂ 2025ರ ಸೆಪ್ಟೆಂಬರ್ 22ರವರೆಗೆ, ಅಂದರೆ ಆರು ವರ್ಷಕ್ಕೂ ಮೇಲ್ಪಟ್ಟು, ಈ ದೇಶದಲ್ಲಿ ಸೈಕಲ್ ತುಳಿಯುವವನು ಶೇಕಡ 12 ಕೊಟ್ಟನು. ಕೋಟಿ ರೂಪಾಯಿಯ ವಿದ್ಯುತ್ ಕಾರಿನಲ್ಲಿ ಕೂರುವವನು ಶೇಕಡ 5 ಕೊಟ್ಟನು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

2025ರ ಸೆಪ್ಟೆಂಬರ್ 3ರಂದು ಮಂಡಲಿಯ ಸಭೆ ಸೇರಿ ದರಗಳನ್ನೆಲ್ಲ ತಿರುಗಿ ಬರೆದರು. ಸೈಕಲ್ಲಿಗೆ 12 ಹೋಗಿ 5 ಆಯಿತು. ಸಂತೋಷ. 350 ಸಿ.ಸಿ.ವರೆಗಿನ ಪೆಟ್ರೋಲ್ ಮೋಟಾರು ಸೈಕಲ್ಲಿಗೂ, ಸಣ್ಣ ಪೆಟ್ರೋಲ್ ಕಾರಿಗೂ, ಆಟೋರಿಕ್ಷಾಕ್ಕೂ, ಸರಕು ಸಾಗಿಸುವ ಗಾಡಿಗೂ 28 ಹೋಗಿ 18 ಆಯಿತು. ಅದಕ್ಕೂ ಸಂತೋಷ. ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇಕಡ 40 ಎಂದು ಗೊತ್ತು ಮಾಡಿದರು. ನ್ಯಾಯವೇ. ಭಾರಿ ಬೆಲೆಯ ವಿದ್ಯುತ್ ಕಾರುಗಳ ಮೇಲೆ ತೆರಿಗೆ ಏರಿಸುವ ಸಲಹೆಯೊಂದಿದೆ ಎಂಬ ವರದಿ ಸಭೆಗೆ ಮುಂಚೆ ಪತ್ರಿಕೆಗಳಲ್ಲಿ ಬಂದಿತ್ತು. ಸಭೆ ಮುಗಿದಾಗ ಏನಾಯಿತು? ಆ 5 ಮಾತ್ರ ಅಲುಗಾಡದೆ 5 ಆಗಿಯೇ ಉಳಿಯಿತು. ಬೆಲೆ ಎಷ್ಟೇ ಇರಲಿ, ಶೇಕಡ 5.

ಈಗ ನಾಲ್ಕನೆಯ ತರಗತಿಯ ಗಣಿತ ಮಾಡೋಣ. ತೆರಿಗೆಗೆ ಮುಂಚಿನ ಬೆಲೆ ಒಂದು ಕೋಟಿ ರೂಪಾಯಿ ಇರುವ ದೊಡ್ಡ ಕಾರನ್ನು ತೆಗೆದುಕೊಳ್ಳಿರಿ. ಅದು ಪೆಟ್ರೋಲಿನದಾದರೆ ತೆರಿಗೆ 40 ಲಕ್ಷ. ವಿದ್ಯುತ್ತಿನದಾದರೆ 5 ಲಕ್ಷ. ಸರ್ಕಾರ ಆ ಒಬ್ಬ ಗಿರಾಕಿಗೆ ಬಿಟ್ಟುಕೊಟ್ಟದ್ದು 35 ಲಕ್ಷ ರೂಪಾಯಿ. ಇನ್ನು ಒಂದು ಲಕ್ಷ ರೂಪಾಯಿಯ ವಿದ್ಯುತ್ ಸ್ಕೂಟರನ್ನು ತೆಗೆದುಕೊಳ್ಳಿರಿ. ಪೆಟ್ರೋಲಿನ ದರದಲ್ಲಾದರೆ ತೆರಿಗೆ 18 ಸಾವಿರ. ವಿದ್ಯುತ್ತಿನ ದರದಲ್ಲಿ 5 ಸಾವಿರ. ಬಿಟ್ಟುಕೊಟ್ಟದ್ದು 13 ಸಾವಿರ. ಒಬ್ಬ ಕೋಟ್ಯಧೀಶನ ಒಂದು ಕಾರಿಗೆ ಬಿಟ್ಟುಕೊಟ್ಟ ಹಣದಲ್ಲಿ 269 ಸ್ಕೂಟರುಗಳಿಗೆ ಇದೇ ರಿಯಾಯಿತಿ ಕೊಡಬಹುದು. ತಿಂಗಳಿಗೆ 15 ಸಾವಿರ ಪಗಾರ ಎಂದು ಹಿಡಿದರೆ, ಆ 35 ಲಕ್ಷವನ್ನು ದುಡಿಯಲು ಒಬ್ಬ ಗಿರಣಿ ಕಾರ್ಮಿಕನಿಗೆ ಹತ್ತೊಂಬತ್ತು ವರ್ಷ ಐದು ತಿಂಗಳು ಬೇಕು. ಅದೂ ಒಂದು ಹಿಡಿ ಅಕ್ಕಿಯನ್ನೂ ಕೊಳ್ಳದೆ!

ಸಹಾಯಧನದ ಮಾತು ಬಂದಾಗ ಇದೇ ಸರ್ಕಾರಕ್ಕೆ ಮಿತಿಯೆಂಬುದು ಚೆನ್ನಾಗಿ ನೆನಪಿರುತ್ತದೆ. ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 1ರಿಂದ 10,900 ಕೋಟಿ ರೂಪಾಯಿಯ ಪಿ.ಎಂ. ಇ-ಡ್ರೈವ್ ಎಂಬ ಯೋಜನೆ ತಂದಿತು. ಅದರಲ್ಲಿ ಖಾಸಗಿ ಕಾರಿಗೆ ಸಹಾಯಧನವಿಲ್ಲ, ಅದು ಸರಿಯೇ. ವಿದ್ಯುತ್ ಸ್ಕೂಟರಿಗೆ ಮೊದಲನೆಯ ವರ್ಷ ಹೆಚ್ಚೆಂದರೆ 10 ಸಾವಿರ ರೂಪಾಯಿ ಎಂದರು. 2025ರ ಏಪ್ರಿಲ್‌ನಿಂದ ಅದನ್ನು 5 ಸಾವಿರಕ್ಕೆ ಇಳಿಸಿದರು. 2025ರ ಆಗಸ್ಟ್‌ನಲ್ಲಿ ಯೋಜನೆಯ ಅವಧಿಯನ್ನು 2028ರವರೆಗೆ ಬೆಳೆಸಿದಾಗ, ಎರಡು ಮತ್ತು ಮೂರು ಚಕ್ರದ ವಾಹನಗಳ ಸಹಾಯಧನಕ್ಕೆ ಮಾತ್ರ 2026ರ ಮಾರ್ಚ್ 31 ಎಂಬ ಕೊನೆಯ ದಿನವನ್ನು ಇಟ್ಟರು. ಬಡವನಿಗೆ ಕೊಡುವ ಸಹಾಯಕ್ಕೆ ಮಿತಿ ಉಂಟು, ಅವಧಿ ಉಂಟು, ವರ್ಷ ವರ್ಷಕ್ಕೆ ಇಳಿಕೆ ಉಂಟು. ಉಳ್ಳವನಿಗೆ ಬಿಟ್ಟುಕೊಡುವ ತೆರಿಗೆಗೆ ಮಿತಿಯೂ ಇಲ್ಲ, ಅವಧಿಯೂ ಇಲ್ಲ. ಕಾರಿನ ಬೆಲೆ ಏರಿದಷ್ಟೂ ಕಾಣಿಕೆಯೂ ಏರುತ್ತದೆ. ಮೊದಲನೆಯದನ್ನು 'ಸಬ್ಸಿಡಿ' ಎಂದು ಕರೆದು ಲೆಕ್ಕ ಕೇಳುತ್ತಾರೆ. ಎರಡನೆಯದನ್ನು 'ಪ್ರೋತ್ಸಾಹ' ಎಂದು ಕರೆದು ಚಪ್ಪಾಳೆ ತಟ್ಟುತ್ತಾರೆ.

ಇನ್ನೊಂದು ಉದಾಹರಣೆ. 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಸಾಲ ಪಡೆದು ವಿದ್ಯುತ್ ವಾಹನ ಕೊಂಡವರಿಗೆ, ಆ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆಯ ವಿನಾಯಿತಿ ಕೊಟ್ಟರು. ಆದಾಯ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಗಿರಣಿ ಕಾರ್ಮಿಕನು ವಿದ್ಯುತ್ ಸ್ಕೂಟರಿಗೆ ಸಾಲ ಮಾಡಿದರೆ ಅವನಿಗೆ ಅದರಿಂದ ದಕ್ಕಿದ್ದೇನು? ಅವನ ಮೂಗಿಗೆ ತುಪ್ಪ ಸವರುವಷ್ಟು ಸೌಜನ್ಯವನ್ನೂ ತೋರಿಸಲಿಲ್ಲ.

ಮಹಾರಾಷ್ಟ್ರದ ಕತೆಗೆ ತಿರುಗಿ ಬರೋಣ. 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಆ ಸರ್ಕಾರವು 30 ಲಕ್ಷ ರೂಪಾಯಿಗೆ ಮೇಲ್ಪಟ್ಟ ವಿದ್ಯುತ್ ವಾಹನಗಳ ಮೇಲೆ ಶೇಕಡ 6ರ ತೆರಿಗೆಯನ್ನು ಸೂಚಿಸಿತ್ತು. ತಿಂಗಳು ಮುಗಿಯುವ ಮುಂಚೆಯೇ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅವರು ಆ ತೆರಿಗೆ ಹಾಕುವುದಿಲ್ಲವೆಂದು ಸಾರಿದರು. ಅದು ಜಾರಿಯಾಗಿದ್ದರೆ 59 ಲಕ್ಷ 89 ಸಾವಿರದ ಕಾರಿನ ಮೇಲೆ ಸುಮಾರು 3 ಲಕ್ಷ 59 ಸಾವಿರ ರೂಪಾಯಿ ಬೊಕ್ಕಸಕ್ಕೆ ಬರುತ್ತಿತ್ತು. ಆಗಸ್ಟ್ 22ರಿಂದ ಅಟಲ್ ಸೇತುವಿನ ಮೇಲೆ ವಿದ್ಯುತ್ ಕಾರುಗಳಿಗೆ ಸುಂಕವನ್ನೂ ಬಿಟ್ಟರು. ವಿದ್ಯುತ್ ಬಸ್ಸಿಗೂ ಆ ವಿನಾಯಿತಿ ಉಂಟು ಎಂದು ಯಾರಾದರೂ ನಮಗೆ ತಿಳಿಸಬಹುದು. ಉಂಟು, ಸ್ವಾಮಿ! ಆದರೆ ಹೇಳಿದಷ್ಟು ಬಸ್ಸು ಬಾರದಿದ್ದ ಮೇಲೆ ಆ ವಿನಾಯಿತಿಯನ್ನು ಪಡೆಯುವವರು ಎಷ್ಟು ಮಂದಿ?

ನಮ್ಮ ರಾಜ್ಯದಲ್ಲಿ ಬೇರೆ ದಾರಿ ಹಿಡಿದ ಒಂದು ನಿದರ್ಶನವುಂಟು. ಕರ್ನಾಟಕವು ಮುಂಚೆ ವಿದ್ಯುತ್ ವಾಹನಗಳಿಗೆಲ್ಲ ರಸ್ತೆ ತೆರಿಗೆಯನ್ನು ಪೂರ್ತಿ ಬಿಟ್ಟಿತ್ತು. 2024ರಲ್ಲಿ ಕಾಯಿದೆ ತಿದ್ದಿ, 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ವಿದ್ಯುತ್ ಕಾರುಗಳ ಮೇಲೆ ಶೇಕಡ 10ರ ಜೀವಿತಾವಧಿ ತೆರಿಗೆ ಹಾಕಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ದುಬಾರಿ ಕಾರುಗಳೂ ಮಾಯವಾಗಲಿಲ್ಲ. ಹಾಗೆಂದು ನಮ್ಮ ಸರ್ಕಾರದ ಬೆನ್ನು ತಟ್ಟಿ ಕೂರುವ ಹಾಗೂ ಇಲ್ಲ. ಅದೇ 2024ರ ಜೂನ್ 15ರಂದು ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿದರು, ಡೀಸೆಲಿನ ಮೇಲೂ ಏರಿಸಿದರು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರವನ್ನು ಶೇಕಡ 15ರಷ್ಟು ಹೆಚ್ಚಿಸಿದರು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ದೊರೆತದ್ದು ದೊಡ್ಡ ಮಾತು. ಅದನ್ನು ಯಾರು ಹೀಗಳೆದರೂ ನಾವು ಎತ್ತಿಹಿಡಿಯುತ್ತೇವೆ. ಆದರೆ ಪಾಳಿ ಮುಗಿಸಿ ಊರಿಗೆ ಹೋಗುವ ಗಂಡಾಳು, ಸಂತೆಗೆ ಗಂಟು ಹೊತ್ತು ಹೋಗುವ ವ್ಯಾಪಾರಿ ಆ ಶೇಕಡ 15ನ್ನು ಕೊಟ್ಟೇ ತೀರಬೇಕಾಯಿತು.

ಇನ್ನು ವಿದ್ಯುತ್ ಬಸ್ಸಿನ ಹಂಚಿಕೆಯನ್ನಾದರೂ ನೋಡಿರಿ. ಮೇಲೆ ಹೇಳಿದ ಕೇಂದ್ರದ ಯೋಜನೆಯಲ್ಲಿ 14,028 ಬಸ್ಸುಗಳಿಗೆ ಹಣ ತೆಗೆದಿಟ್ಟರು. ಯಾರಿಗೆ? 40 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ಒಂಬತ್ತು ಮಹಾನಗರಗಳಿಗೆ. ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿದ್ದು ಬೆಂಗಳೂರು ಒಂದೇ. ಅದಕ್ಕೂ ಮುಂಚೆ, 2023ರ ಆಗಸ್ಟ್‌ನಲ್ಲಿ, 169 ಊರುಗಳಿಗೆ 10,000 ವಿದ್ಯುತ್ ಬಸ್ಸು ಎಂಬ ಇನ್ನೊಂದು ಯೋಜನೆಯನ್ನು ಸಾರಿದ್ದರು. ಅದರಲ್ಲಿ ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಿಗೆ ಜಾಗವಿತ್ತು. ವಾಚಕರು ತಮ್ಮ ತಮ್ಮ ಊರಿನ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು, ಹೊಗೆಯಿಲ್ಲದ ಬಸ್ಸು ಎಷ್ಟು ಬಂದವೆಂದು ತಾವೇ ಎಣಿಸಿ ನೋಡಲಿ. ನಮ್ಮ ಮಾತನ್ನು ನಂಬಬೇಕಾಗಿಲ್ಲ, ಬೆರಳುಗಳು ಇವೆಯಲ್ಲ.

ನಮ್ಮ ವಾದಕ್ಕೆ ಮೂರು ಉತ್ತರಗಳು ಬರುತ್ತವೆಂದು ಬಲ್ಲೆವು.

ಮೊದಲನೆಯದು: "ಸಿರಿವಂತರು ಮೊದಲು ಕೊಂಡರೆ ತಾನೇ ಬೆಲೆ ಇಳಿದು ಬಡವರಿಗೂ ಸಿಗುತ್ತದೆ?" ಕೇಳಲು ಇಂಪಾಗಿದೆ. ಆದರೆ ಈ ದೇಶದಲ್ಲಿ ಮಾರಾಟವಾಗುವ ವಿದ್ಯುತ್ ವಾಹನಗಳಲ್ಲಿ ಬಹುಪಾಲು ಎರಡು ಚಕ್ರ ಮತ್ತು ಮೂರು ಚಕ್ರದವು. ತಯಾರಿಕೆ ಹೆಚ್ಚಿದರೆ ಬೆಲೆ ಇಳಿಯುತ್ತದೆ ಎಂಬುದು ನಿಜವಾದರೆ, ಹೆಚ್ಚು ಸಂಖ್ಯೆಯಲ್ಲಿ ತಯಾರಾಗುತ್ತಿರುವುದು ಆಟೋ ಓಡಿಸುವವನ ಗಾಡಿ, ಮನೆ ಮನೆಗೆ ಸಾಮಾನು ತಲುಪಿಸುವ ಹುಡುಗನ ಸ್ಕೂಟರು. ಬ್ಯಾಟರಿಯ ಮಾರುಕಟ್ಟೆಯನ್ನು ಬೆಳೆಸಿದವರು ಇವರು. ಸನ್ಮಾನ ಮಾತ್ರ ಕೋಟಿಯ ಕಾರಿಗೆ!

ಎರಡನೆಯದು: "ಮುಂದುವರಿದ ದೇಶಗಳೆಲ್ಲ ಹೀಗೆಯೇ ಮಾಡಿವೆ." ಹಾಗಾದರೆ ಮುಂದುವರಿದ ದೇಶದ ಮಾತನ್ನೇ ಕೇಳೋಣ. ವಿದ್ಯುತ್ ಕಾರಿನಲ್ಲಿ ಜಗತ್ತಿಗೇ ಮುಂದಿರುವುದು ನಾರ್ವೆ. ಅಲ್ಲಿಯೂ ವರ್ಷಗಟ್ಟಲೆ ತೆರಿಗೆ ಬಿಟ್ಟರು. ಆದರೆ 2023ರ ಜನವರಿ 1ರಿಂದ, ಐದು ಲಕ್ಷ ಕ್ರೋನರ್ ದಾಟಿದ ಬೆಲೆಯ ಭಾಗದ ಮೇಲೆ ಶೇಕಡ 25ರ ತೆರಿಗೆ ಹಾಕಿದರು. ಸಾಧಾರಣ ಕಾರಿಗೆ ರಿಯಾಯಿತಿ, ಭಾರಿ ಕಾರಿಗೆ ತೆರಿಗೆ. ಸಿರಿವಂತ ದೇಶದ ಸರ್ಕಾರಕ್ಕೆ ತಿಳಿದ ಈ ಸಣ್ಣ ಲೆಕ್ಕ ಬಡ ದೇಶದ ಸರ್ಕಾರಕ್ಕೆ ಏಕೆ ತಿಳಿಯದು?

ಮೂರನೆಯದು: "ನೀವು ಹೊಸದನ್ನು ಕಂಡರೆ ಉರಿಯುವವರು; ವಿದ್ಯುತ್ ಕಾರಿನ ವಿರೋಧಿಗಳು." ಇದು ಶುದ್ಧ ಸುಳ್ಳು. ವಿದ್ಯುತ್ ಕಾರು ಈ ನಾಡಿಗೆ ಹೊಸತೂ ಅಲ್ಲ. ಟೆಸ್ಲಾ ಕಂಪನಿ ಹುಟ್ಟುವ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ತಯಾರಾದ ಎರಡು ಬಾಗಿಲಿನ ಪುಟ್ಟ ರೇವಾ ಕಾರು ಮಾರಾಟಕ್ಕೆ ಬಂದಿತ್ತು. ಲಂಡನ್ನಿನ ಬೀದಿಗಳಲ್ಲೂ ಅದು ಓಡಿತು. ನಮ್ಮ ಕುಶಲ ಕಾರ್ಮಿಕರ ಕೈಗೆ ಬಾರದ ವಿದ್ಯೆ ಇದಲ್ಲ. ನಾವು ಕೇಳುವುದು ಇಷ್ಟೇ: ಹೊಸ ವಿದ್ಯೆಗೆ ಸಾರ್ವಜನಿಕರ ಹಣ ಸುರಿಯುವುದಾದರೆ, ಅದರಲ್ಲಿ ಮೊದಲು ಸಾರ್ವಜನಿಕರು ಕೂರಬೇಕೋ, ಒಬ್ಬ ಧಣಿ ಕೂರಬೇಕೋ? ಒಂದು ಬಸ್ಸಿನಲ್ಲಿ ಐವತ್ತು ಜನ ಹೋಗುತ್ತಾರೆ. ಒಂದು ಕಾರಿನಲ್ಲಿ ಬಹಳ ಹೊತ್ತು ಒಬ್ಬನೋ ಇಬ್ಬರೋ ಹೋಗುತ್ತಾರೆ. ಹೊಗೆ ನಿಲ್ಲಿಸುವುದೇ ಗುರಿಯಾದರೆ, ಮೊದಲ ರೂಪಾಯಿ ಬಸ್ಸಿಗೆ ಹೋಗಬೇಕೆಂಬುದಕ್ಕೆ ದೊಡ್ಡ ಪಂಡಿತರ ಸಾಕ್ಷಿ ಬೇಕಾಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದು: ಶೇಕಡ 5ರ ಜಿ.ಎಸ್.ಟಿ. ದರಕ್ಕೆ ಬೆಲೆಯ ಮಿತಿ ಇರಬೇಕು. ಕರ್ನಾಟಕವೇ 2024ರಲ್ಲಿ 25 ಲಕ್ಷದ ಗೆರೆ ಎಳೆದು ತೋರಿಸಿದೆ. ಆ ಗೆರೆ ದಾಟಿದ ಕಾರಿಗೆ, ಅದು ಯಾವುದರಿಂದ ಓಡಿದರೂ, ಸಾಧಾರಣ ಜನರ ಮೋಟಾರು ಸೈಕಲ್ಲಿಗಿಂತ ಕಡಿಮೆ ತೆರಿಗೆ ಬೀಳಕೂಡದು. ಮಂಡಲಿಯಲ್ಲಿ ಕೂರುವ ನಮ್ಮ ರಾಜ್ಯದ ಮಂತ್ರಿಗಳು ಈ ಮಾತನ್ನು ಅಲ್ಲಿ ಎತ್ತಬೇಕು.

ಎರಡು: ಹಾಗೆ ಬಂದ ಹಣ ಬೊಕ್ಕಸದ ಕತ್ತಲಲ್ಲಿ ಕರಗಕೂಡದು. ಅದು ಜಿಲ್ಲಾ ಊರುಗಳ, ತಾಲ್ಲೂಕು ಊರುಗಳ ಬಸ್ಸಿಗೆ ಹೋಗಬೇಕು. ಮಹಾನಗರದವರು ಮಾತ್ರ ಉಸಿರಾಡುವವರಲ್ಲ. ಗಿರಣಿ ಊರಿನವರಿಗೂ ಶ್ವಾಸಕೋಶವಿದೆ.

ಮೂರು: ಆಟೋ ಚಾಲಕ, ತರಕಾರಿ ವ್ಯಾಪಾರಿ, ಸಣ್ಣ ಕಿರಾಣಿ ಅಂಗಡಿಯವನು ವಿದ್ಯುತ್ ಗಾಡಿ ಕೊಳ್ಳುವುದಾದರೆ ಅವನಿಗೆ ಕಡಿಮೆ ಬಡ್ಡಿಯ ಸಾಲ ಸಹಕಾರಿ ಬ್ಯಾಂಕುಗಳ ಮೂಲಕ ಸಿಗಬೇಕು. ಆದಾಯ ತೆರಿಗೆಯ ವಿನಾಯಿತಿ ಅವನ ಹೊಟ್ಟೆಗೆ ಬೀಳುವ ಅನ್ನವಲ್ಲ.

ನಾಲ್ಕು: ಬಸ್ಸಿನ ಗುತ್ತಿಗೆ ಕೊಟ್ಟ ದಿನ ಯಾವುದು, ಬರಬೇಕಾದ ಬಸ್ಸು ಎಷ್ಟು, ಬಂದದ್ದು ಎಷ್ಟು, ತಡವಾದದ್ದಕ್ಕೆ ಕಂಪನಿಯಿಂದ ವಸೂಲು ಮಾಡಿದ ದಂಡ ಎಷ್ಟು ಎಂಬುದನ್ನು ತಿಂಗಳು ತಿಂಗಳೂ ಪ್ರತಿಯೊಂದು ಡಿಪೋದ ಬೋರ್ಡಿನ ಮೇಲೆ ಬರೆಯಬೇಕು. ಕಾರು ಕೊಳ್ಳುವವನಿಗೆ ತನ್ನ ಕಾರು ಎಂದು ಬರುವುದೆಂದು ಕಂಪನಿ ತಿಳಿಸುತ್ತದೆ. ಬಸ್ಸಿಗೆ ಕಾಯುವವನಿಗೂ ಅದೇ ಮರ್ಯಾದೆ ಸಲ್ಲಬೇಕು.

ಕಾರ್ಮಿಕ ಬಂಧುಗಳೇ, ಸಣ್ಣ ವ್ಯಾಪಾರಿ ಬಂಧುಗಳೇ, ಈ ಬೇಡಿಕೆಗಳು ಕಾಗದದ ಮೇಲೆ ಉಳಿದರೆ ಉಪ್ಪಿನಕಾಯಿಗೂ ಬಾರವು. ನಿಮ್ಮ ಯೂನಿಯನ್ನಿನ ಮುಂದಿನ ಸಭೆಯಲ್ಲಿ, ನಿಮ್ಮ ವರ್ತಕರ ಸಂಘದ ಮುಂದಿನ ಬೈಠಕ್ಕಿನಲ್ಲಿ ಇವನ್ನು ಓದಿ, ಚರ್ಚಿಸಿ, ಗೊತ್ತುವಳಿ ಮಾಡಿರಿ. ಅದರ ಪ್ರತಿಯನ್ನು ನಿಮ್ಮ ಕ್ಷೇತ್ರದ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಅಂಚೆಯಲ್ಲಿ ಕಳಿಸಿರಿ. ಒಂದನ್ನು ನಮ್ಮ ಕಚೇರಿಗೂ ಕಳಿಸಿರಿ. ಯಾವ ಊರಿನ ಗೊತ್ತುವಳಿಗೆ ಯಾವ ಶಾಸಕರಿಂದ ಏನು ಉತ್ತರ ಬಂತು, ಯಾರಿಂದ ಉತ್ತರವೇ ಬರಲಿಲ್ಲ ಎಂಬುದನ್ನು ಇದೇ ಪುಟದಲ್ಲಿ ಹೆಸರು ಸಹಿತ ಅಚ್ಚು ಹಾಕುತ್ತೇವೆ.